ಹಳೆ ಕಾಂಟೆಸ್ಸಾಗೆ ಹೊಸ ಟರ್ಬೊ: ಕಪನೂರ ಕಡೆಯ ಬೋರ್ಡಿಲ್ಲದ ಶೆಡ್‌ನಲ್ಲಿ ಮಾಡಿಸಿದ ಕೆಲಸ

ಕಲಬುರಗಿಯಿಂದ ಹುಮನಾಬಾದ್ ಕಡೆ ಹೋಗುವಾಗ, ಕಮಲಾಪುರದ ಆಚೆ ರಸ್ತೆ ಏರುತ್ತದೆ. ಈಗಿನ ಗಾಡಿಯವರಿಗೆ ಅದು ಏರು ಅಂತ ಗೊತ್ತೂ ಆಗುವುದಿಲ್ಲ. ನನ್ನ ಕಾಂಟೆಸ್ಸಾಗೆ ಚೆನ್ನಾಗಿ ಗೊತ್ತಾಗುತ್ತಿತ್ತು. ಐದು ಜನ ಕೂತು, ಡಿಕ್ಕಿಯಲ್ಲಿ ಎರಡು ಚೀಲ ತೊಗರಿಬೇಳೆ ಇದ್ದರೆ ಎಸಿ ಬಂದ್ ಮಾಡಬೇಕು. ನಾಲ್ಕನೇ ಗೇರಿನಿಂದ ಮೂರಕ್ಕೆ ಇಳಿಸಬೇಕು. ಹಿಂದಿನವರು ಹಾರ್ನ್ ಹೊಡೆದರೆ ಎಡಕ್ಕೆ ಸರಿದು ದಾರಿ ಬಿಡಬೇಕು. ಮೇ ತಿಂಗಳಲ್ಲಿ ಎಸಿ ಬಂದ್ ಮಾಡಿ ಆ ಏರು ಹತ್ತಿದರೆ ಹಿಂದಿನ ಸೀಟಿನಲ್ಲಿ ಕೂತ ಅವ್ವನ ಮುಖ ನೋಡಲಾಗುತ್ತಿರಲಿಲ್ಲ.

ಈಗ ಅದೇ ಏರನ್ನು ನಾಲ್ಕನೇ ಗೇರಿನಲ್ಲಿ, ಎಸಿ ಹಾಕಿಕೊಂಡೇ ಹತ್ತುತ್ತೇನೆ. ಗಾಡಿಗೆ ಟರ್ಬೊ, ಅಂದರೆ ಹೊರಹೋಗುವ ಹೊಗೆಯ ಬಲದಿಂದಲೇ ಎಂಜಿನ್‌ಗೆ ಜಾಸ್ತಿ ಗಾಳಿ ತುಂಬುವ ಯಂತ್ರ, ಕೂರಿಸಿ ಎರಡು ಬೇಸಿಗೆ ಕಳೆದಿವೆ, 16,000 ಕಿಲೋಮೀಟರ್ ಓಡಿದೆ. ಕೆಲಸ ಮುಗಿದ ವಾರವೇ ಬರೆದಿದ್ದರೆ ಬರೀ ಹೊಗಳಿಕೆ ಆಗುತ್ತಿತ್ತು. ಎರಡು ಬೇಸಿಗೆ ನೋಡಿದ ಮೇಲೆ ಬರೆಯೋಣ ಅಂತ ಕಾದೆ.

ಕೆಲಸ ಮಾಡಿದ ಶೆಡ್ ಕಪನೂರ ಇಂಡಸ್ಟ್ರಿಯಲ್ ಏರಿಯಾ ಕಡೆ ಇದೆ. ಬೋರ್ಡ್ ಇಲ್ಲ. ಒಂದು ಬೇವಿನ ಮರ, ಅದರ ಕೆಳಗೆ ಎಂಜಿನ್ ಎತ್ತುವ ಚೈನ್ ಬ್ಲಾಕ್, ಒಳಗೆ ಒಂದು ಲೇತ್, ಒಂದು ವೆಲ್ಡಿಂಗ್ ಸೆಟ್, ಕೆಲಸ ಕಲಿಯುವ ಇಬ್ಬರು ಹುಡುಗರು. ಶೆಡ್ ನಡೆಸುವವರನ್ನು ಎಲ್ಲರೂ ಉಸ್ತಾದ್ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಟ್ರ್ಯಾಕ್ಟರ್, ಹಳೆ ಜೀಪ್, ಬೋರ್‌ವೆಲ್ ಕಂಪ್ರೆಸರ್‌ನ ಡೀಸೆಲ್ ಎಂಜಿನ್, ಇವೇ ಅವರ ದಿನದ ಕೆಲಸ. ಕಾರಿನ ಕೆಲಸ ಹಿಡಿಯುವುದು ಕಡಿಮೆ. ಹಿಡಿದರೆ ಬಿಡುವುದಿಲ್ಲ.

ಗಾಡಿ ನಮ್ಮ ಅಪ್ಪನದು. 1997ರ ಕಾಂಟೆಸ್ಸಾ ಡೀಸೆಲ್, ಕೆಎ 32 ನಂಬರ್. ಗೊತ್ತಿಲ್ಲದ ಹುಡುಗರಿಗಾಗಿ ಹೇಳುತ್ತೇನೆ: ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿಯ ಗಾಡಿಯನ್ನು ತಳಹದಿಯಾಗಿ ಇಟ್ಟುಕೊಂಡು ಹಿಂದುಸ್ತಾನ್ ಮೋಟರ್ಸ್‌ನವರು 1984ರಲ್ಲಿ ತಂದ ಕಾರು ಇದು. ಮೊದಲು ಅಂಬಾಸಿಡರ್‌ನ 1.5 ಲೀಟರ್ ಪೆಟ್ರೋಲ್ ಎಂಜಿನ್ ಹಾಕಿದ್ದರು. ಅಷ್ಟು ದೊಡ್ಡ ಮೈಗೆ ಅದು ಸಾಲಲಿಲ್ಲ. ಆಮೇಲೆ ಜಪಾನಿನ ಇಸುಜು ಎಂಜಿನ್‌ಗಳು ಬಂದವು. ನನ್ನದರಲ್ಲಿ ಇರುವುದು 1,995 ಸಿಸಿಯ ಇಸುಜು ಡೀಸೆಲ್, ಟರ್ಬೊ ಇಲ್ಲದ್ದು. ಶಕ್ತಿ ಐವತ್ತು ಚಿಲ್ಲರೆ ಕುದುರೆ. ಗಟ್ಟಿ ಎಂಜಿನ್, ಆದರೆ ಆ ಗಾಡಿಯ ಭಾರಕ್ಕೆ ಸ್ವಲ್ಪ ಕಡಿಮೆಯೇ. ಮುಂದೆ ಕಂಪನಿಯವರೇ ಇದೇ ಎಂಜಿನ್‌ಗೆ ಟರ್ಬೊ ಕೂರಿಸಿ ಮಾರಿದರು. 2002ರ ಹೊತ್ತಿಗೆ ಕಾಂಟೆಸ್ಸಾ ನಿಂತೇ ಹೋಯಿತು.

ಕಂಪನಿಯೇ ಹಾಕಿತ್ತು ಅನ್ನುವ ಮಾತು ನನಗೆ ಧೈರ್ಯ ಕೊಟ್ಟಿತು. ಆ ಟರ್ಬೊ ಗಾಡಿಯ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಗೂಡಿಸಿ ಟರ್ಬೊಗೆ ಕೊಡುವ ಕವಲು ಪೈಪು) ಸಿಕ್ಕರೆ ಅದನ್ನೇ ಹಾಕಿಬಿಡೋಣ ಅಂತ ಸೋಲಾಪುರ ಹುಡುಕಿದೆ, ಹೈದರಾಬಾದ್ ಗುಜರಿಯಲ್ಲಿ ಎರಡು ಭಾನುವಾರ ಅಲೆದೆ. ಸಿಗಲಿಲ್ಲ. ಬೇರೆ ಗಾಡಿಯ ಹೊಸ ಎಂಜಿನ್ ಇಳಿಸಿಬಿಡಿ ಅಂತ ಹೇಳಿದವರೂ ಇದ್ದರು. ನನಗೆ ಮನಸ್ಸಾಗಲಿಲ್ಲ. ಬೆಳಿಗ್ಗೆ ಚಾವಿ ತಿರುಗಿಸಿದಾಗ ಬರುವ ಆ ಟಕಟಕ ಶಬ್ದ ನಮ್ಮ ಅಪ್ಪ ಅಂಗಡಿಗೆ ಹೊರಟ ಶಬ್ದ. ಅದು ಹೋದರೆ ಗಾಡಿ ಇದ್ದೂ ಇಲ್ಲದ ಹಾಗೆ.

2023ರ ದೀಪಾವಳಿ ಮುಗಿದ ಮೇಲೆ ಗಾಡಿ ತಗೊಂಡು ಉಸ್ತಾದ್ ಹತ್ತಿರ ಹೋದೆ. ಟರ್ಬೊ ಬಗ್ಗೆ ಅವರು ಮಾತೇ ಆಡಲಿಲ್ಲ. ಎಂಜಿನ್ ಬಿಸಿಯಾಗಲಿ ಅಂದರು. ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈ ಅಡ್ಡ ಹಿಡಿದರು, ಗಾಳಿ ಎಷ್ಟು ನೂಕುತ್ತದೆ ನೋಡಲು. ಪಿಸ್ಟನ್ ರಿಂಗ್ ಸವೆದಿದ್ದರೆ ಅಲ್ಲಿ ಹಬೆ ಬಡಿಯುತ್ತದೆ. ಆಮೇಲೆ ನಾಲ್ಕೂ ಸಿಲಿಂಡರ್‌ನ ಕಂಪ್ರೆಶನ್ ಅಳೆದರು. ಮೂರು ಸಮ ಇದ್ದವು, ನಾಲ್ಕನೆಯದು ಸ್ವಲ್ಪ ಕಡಿಮೆ. ರೇಡಿಯೇಟರ್ ಮುಚ್ಚಳ ತೆಗೆದು ಬೆರಳು ಹಾಕಿ ತುಕ್ಕು ತೋರಿಸಿದರು. ಬ್ರೇಕ್ ಹೊಡೆದು ನೋಡಿದರು. ಕೊನೆಗೆ ಹೇಳಿದರು: “ಸಾವ್ಕಾರ್ರ, ಗಾಳಿ ತುಂಬೂದು ಸುಲಭ ಅದ. ಆಯಿಲ್ ಇಳಸೂದು, ಬಿಸಿ ಇಳಸೂದು ಕಷ್ಟ ಅದ. ಅದು ಮೊದಲ ಮಾಡಬೇಕು. ಬರೀ ಟರ್ಬೊ ಹಾಕ್ರಿ ಅಂದ್ರ ನಾ ಹಾಕಂಗಿಲ್ಲ.”

ಅವತ್ತೇ ನನಗೆ ಇವರು ಸರಿ ಅನ್ನಿಸಿತು. ಅದಕ್ಕೂ ಮೊದಲು ಎರಡು ಕಡೆ ಕೇಳಿದ್ದೆ. ಇಬ್ಬರೂ ಮೊದಲ ಮಾತಿಗೇ ಪವರ್ ಎಷ್ಟು ಬೇಕು ಅಂತ ಕೇಳಿದ್ದರು.

ಟರ್ಬೊ ಆರಿಸುವಾಗಲೂ ಅವರ ತಿಳಿವಳಿಕೆ ಕಂಡಿತು. ನಾನು ಒಂದು ಸಣ್ಣ ಹ್ಯಾಚ್‌ಬ್ಯಾಕ್‌ನ 1.3 ಲೀಟರ್ ಡೀಸೆಲ್ ಟರ್ಬೊ ಅಗ್ಗಕ್ಕೆ ಸಿಗುತ್ತದೆ ಅಂತ ಹೇಳಿದ್ದೆ. ಅದು ನಮ್ಮ 2 ಲೀಟರ್ ಎಂಜಿನ್‌ಗೆ ಕೆಳಗಿನ ವೇಗದಲ್ಲಿ ಬೇಗ ಏಳುತ್ತದೆ, ಮೇಲೆ ಹೋದಂತೆ ಉಸಿರು ಕಟ್ಟುತ್ತದೆ, ಸೈಲೆನ್ಸರ್ ಕಡೆ ಒತ್ತಡ ಜಾಸ್ತಿಯಾಗಿ ಎಂಜಿನ್ ಬಿಸಿಯಾಗುತ್ತದೆ ಅಂದರು. ದೊಡ್ಡದು ಹಾಕಿದರೆ ಊರೊಳಗೆ ಅದು ಏಳುವುದೇ ಇಲ್ಲ. ಒಳಗೆ ರೆಕ್ಕೆ ತಿರುಗಿಸಿಕೊಳ್ಳುವ ಈಗಿನ ವಿಜಿಟಿ ಟರ್ಬೊ ಬೇಡವೇ ಬೇಡ ಅಂದರು. ಅದನ್ನು ನಡೆಸಲು ಕಂಪ್ಯೂಟರ್ ಬೇಕು, ನಮ್ಮದು ಪೂರ್ತಿ ಮೆಕ್ಯಾನಿಕಲ್ ಡೀಸೆಲ್ ಪಂಪ್. ಜೊತೆಗೆ ಹಳೆ ಡೀಸೆಲ್ ಎಂಜಿನ್‌ನ ಮಸಿ ಆ ರೆಕ್ಕೆಗಳ ಸಂದಿಯಲ್ಲಿ ಕೂತು ಬಿಗಿಯುತ್ತದೆ. ಕೊನೆಗೆ 2.5 ಲೀಟರ್ ಯುಟಿಲಿಟಿ ಗಾಡಿಗಳಿಗೆ ಬರುವ ಅಳತೆಯದು, ಸಾದಾ ವೇಸ್ಟ್‌ಗೇಟ್ (ಒತ್ತಡ ಮಿತಿ ದಾಟದಂತೆ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು) ಇರುವುದು, ಹೊಚ್ಚ ಹೊಸದು ತರಿಸಿದೆವು. ಆ ಎಂಜಿನ್‌ಗಳು ನಿಧಾನಕ್ಕೆ ತಿರುಗುತ್ತವೆ, ನಮ್ಮದು ಸ್ವಲ್ಪ ಜೋರಾಗಿ ತಿರುಗುತ್ತದೆ. ಲೆಕ್ಕ ಹಾಕಿದರೆ ನಿಮಿಷಕ್ಕೆ ನುಂಗುವ ಗಾಳಿ ಹೆಚ್ಚುಕಡಿಮೆ ಒಂದೇ. ಈ ಲೆಕ್ಕವನ್ನು ಉಸ್ತಾದ್ ಸೀಮೆಸುಣ್ಣದಲ್ಲಿ ಶೆಡ್‌ನ ತಗಡಿನ ಮೇಲೆ ಬರೆದು ತೋರಿಸಿದರು. ಅದು ಈಗಲೂ ಅಲ್ಲೇ ಇದೆ.

ನನ್ನ ಅಂಗಡಿ ನೆಹರೂ ಗಂಜ್ ಹತ್ತಿರ. ದಾಲ್ ಮಿಲ್‌ಗಳಿಗೆ ಬೇರಿಂಗ್, ಬೆಲ್ಟ್ ಮಾರುತ್ತೇನೆ. ಇಪ್ಪತ್ತೆರಡು ವರ್ಷದಿಂದ ದಿನಾ ಬೇರಿಂಗ್ ಕೈಯಲ್ಲಿ ಹಿಡಿದು ತಿರುಗಿಸಿ ನೋಡುವುದು ಅಭ್ಯಾಸ. ಹಾಗಾಗಿ ಹೊಸ ಟರ್ಬೊ ಡಬ್ಬಿಯಿಂದ ತೆಗೆದ ತಕ್ಷಣ ನನ್ನ ಕೈ ಶಾಫ್ಟ್‌ಗೇ ಹೋಯಿತು. ಬೆರಳ ತುದಿಯಲ್ಲಿ ಮೇಲೆ ಕೆಳಗೆ ಅಲ್ಲಾಡಿಸಿದೆ. ಅಲ್ಲಾಡಿತು! ನಮ್ಮ ಮಿಲ್ಲಿನ 6308 ಬೇರಿಂಗ್ ಇಷ್ಟು ಅಲ್ಲಾಡಿದರೆ ನಾನು ಅದನ್ನು ಕಸಕ್ಕೆ ಹಾಕುತ್ತೇನೆ. ಹಾಳು ಮಾಲು ಬಂದಿದೆ ಅಂದೆ. ಉಸ್ತಾದ್ ಶಾಫ್ಟ್ ಹಿಡಿದು ಈಗ ಹಿಂದೆ ಮುಂದೆ ನೂಕಿ ನೋಡಿ ಅಂದರು. ಆ ಕಡೆ ಒಂಚೂರೂ ಆಟ ಇರಲಿಲ್ಲ. ಆಮೇಲೆ ಸಣ್ಣ ಆಯಿಲ್ ಕ್ಯಾನ್‌ನಿಂದ ಮೇಲಿನ ತೂತಿಗೆ ನಾಲ್ಕು ಹನಿ ಬಿಟ್ಟು ಕೈಯಲ್ಲಿ ತಿರುಗಿಸಿದರು. ಮತ್ತೆ ಅಲ್ಲಾಡಿಸಿದೆ. ಆ ಆಟ ಮೆತ್ತಗಾಗಿತ್ತು, ಬೆಣ್ಣೆಯೊಳಗೆ ಬೆರಳು ಆಡಿಸಿದ ಹಾಗೆ.

ಅದರಲ್ಲಿ ಗುಂಡು ಇಲ್ಲ, ಗ್ರೀಸ್ ಇಲ್ಲ. ಶಾಫ್ಟ್ ಸುತ್ತ ಒಂದು ತೆಳು ಬುಶ್, ಬುಶ್‌ನ ಒಳಗೂ ಹೊರಗೂ ಆಯಿಲ್ ಪದರ. ಎಂಜಿನ್ ಒತ್ತಿ ಕಳಿಸುವ ಆಯಿಲ್ ಮೇಲೆ ಶಾಫ್ಟ್ ತೇಲುತ್ತದೆ, ಬುಶ್ ಕೂಡ ತಾನೇ ತಿರುಗುತ್ತದೆ. ದಾಲ್ ಮಿಲ್ ಮೋಟಾರು ನಿಮಿಷಕ್ಕೆ 1,440 ಸುತ್ತು ತಿರುಗುತ್ತದೆ. ಈ ಶಾಫ್ಟ್ 1 ಲಕ್ಷ ಸುತ್ತು ದಾಟುತ್ತದೆ. ಒಂದು ತುದಿಯಲ್ಲಿ ಹೊಗೆಯ ಕೆಂಡದ ಬಿಸಿ, ಇನ್ನೊಂದು ತುದಿಯಲ್ಲಿ ಹೊರಗಿನ ಗಾಳಿ, ನಡುವೆ ಈ ಆಯಿಲ್. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರ್ 1905ರಲ್ಲಿ ಪೇಟೆಂಟ್ ಪಡೆದ ವಿಚಾರ ಇದು, ವ್ಯರ್ಥ ಹೋಗುವ ಹೊಗೆಯಿಂದಲೇ ಗಾಳಿ ತುಂಬುವುದು. ಬೇರಿಂಗ್ ವ್ಯಾಪಾರದವನಾದ ನನಗೆ ಆ ಸಣ್ಣ ಬುಶ್ ನೋಡಿ ನಿಜಕ್ಕೂ ಕೈ ಮುಗಿಯಬೇಕು ಅನ್ನಿಸಿತು.

ಮ್ಯಾನಿಫೋಲ್ಡ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಹಳೆಯದು ಬೀಡು ಕಬ್ಬಿಣದ್ದು, ಅದಕ್ಕೆ ವೆಲ್ಡ್ ಮಾಡಿದರೆ ಬಿಸಿಗೆ ಸೀಳುತ್ತದೆ ಅಂತ ಅದನ್ನು ಮುಟ್ಟಲಿಲ್ಲ. 12 ಎಂಎಂ ಉಕ್ಕಿನ ಪ್ಲೇಟ್ ಕೊರೆಸಿ, ದಪ್ಪ ಗೋಡೆಯ ಪೈಪಿನಲ್ಲಿ ಹೊಸದು ಕಟ್ಟಿದರು. ವೆಲ್ಡ್ ಆದ ಮೇಲೆ ಪ್ಲೇಟ್ ಸೊಟ್ಟಗಾಗುತ್ತದೆ. ಅದನ್ನು ಮತ್ತೆ ಮಿಲ್ಲಿಂಗ್‌ಗೆ ಕಳಿಸಿ ನೆಟ್ಟಗೆ ಮಾಡಿಸಿದರು. ಎರಡು ವರ್ಷದಲ್ಲಿ ಒಂದು ಸಲವೂ ಗ್ಯಾಸ್ಕೆಟ್ ಸೋರಿಲ್ಲ.

ಬಿಸಿಯ ವಿಚಾರಕ್ಕೆ ಬರುತ್ತೇನೆ, ನಮ್ಮ ಊರಿನವರು ಇದನ್ನು ಸರಿಯಾಗಿ ಓದಬೇಕು. ಇಲ್ಲಿ ಮೇ ತಿಂಗಳಲ್ಲಿ 43 ಡಿಗ್ರಿ ಅಂದರೆ ಸುದ್ದಿಯೇ ಅಲ್ಲ. 15 ಡಿಗ್ರಿಯ ಗಾಳಿಗಿಂತ 43 ಡಿಗ್ರಿಯ ಗಾಳಿ ಸುಮಾರು 9 ಪರ್ಸೆಂಟ್ ತೆಳು. ಬೇಸಿಗೆಯಲ್ಲಿ ಹಳೆ ಗಾಡಿಗಳು ಎಳೆಯುವುದಿಲ್ಲ ಅಂತೀವಲ್ವಾ, ಅದಕ್ಕೆ ಒಂದು ಕಾರಣ ಇದೇ. ಟರ್ಬೊ ಅದೇ ಗಾಳಿಯನ್ನು ಒತ್ತಿ ತುಂಬುತ್ತದೆ. ಆದರೆ ಒತ್ತಿದರೆ ಗಾಳಿ ಬಿಸಿಯಾಗುತ್ತದೆ. ಸೈಕಲ್ ಪಂಪ್ ಹೊಡೆದು ಅದರ ಬುಡ ಮುಟ್ಟಿ ನೋಡಿ, ಗೊತ್ತಾಗುತ್ತದೆ. 43 ಡಿಗ್ರಿಯ ಗಾಳಿಯನ್ನು ಅರ್ಧ ಬಾರ್, ಅಂದರೆ ಹೊರಗಿನ ಗಾಳಿಯ ಒತ್ತಡದ ಅರ್ಧದಷ್ಟು ಜಾಸ್ತಿ, ಒತ್ತಿದರೆ ಅದು 100 ಡಿಗ್ರಿ ಮುಟ್ಟುತ್ತದೆ. ಅದನ್ನು ಹಾಗೇ ಎಂಜಿನ್‌ಗೆ ಕೊಟ್ಟರೆ ತುಂಬಿದ ಲಾಭದಲ್ಲಿ ಸಾಕಷ್ಟು ಅಲ್ಲೇ ಕಳೆದುಹೋಗುತ್ತದೆ, ಪಿಸ್ಟನ್ ಮೇಲೂ ಬಿಸಿ ಏರುತ್ತದೆ. ಆದ್ದರಿಂದ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ನಮ್ಮ ಕಡೆ ಶೋಕಿಯ ಸಾಮಾನು ಅಲ್ಲ. ನನಗೆ ಒಂದು ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಉಸ್ತಾದ್ ಅದನ್ನು ಡೀಸೆಲ್‌ನಲ್ಲಿ ಎರಡು ದಿನ ನೆನೆಸಿ ತೊಳೆದು, ಗಾಳಿ ತುಂಬಿ ನೀರಲ್ಲಿ ಮುಳುಗಿಸಿ ಸೋರಿಕೆ ನೋಡಿ, ಗ್ರಿಲ್ ಹಿಂದೆ ಕೂರಿಸಿದರು. ಹೊರಗಿಂದ ನೋಡಿದರೆ ಕಾಣುವುದಿಲ್ಲ. ಗಾಡಿಯ ಮುಖ ಅಪ್ಪನ ಕಾಲದಲ್ಲಿ ಇದ್ದ ಹಾಗೇ ಇದೆ.

ರೇಡಿಯೇಟರ್‌ಗೆ ಒಂದು ಸಾಲು ಜಾಸ್ತಿ ಇರುವ ಹೊಸ ಕೋರ್ ಹಾಕಿಸಿದೆವು. ಇಂಟರ್‌ಕೂಲರ್ ಮುಂದೆ ಅಡ್ಡ ನಿಂತಿರುವುದರಿಂದ ಹಿಂದಿನ ರೇಡಿಯೇಟರ್‌ಗೆ ಗಾಳಿ ಕಡಿಮೆ, ಅದಕ್ಕೆ ಒಂದು ಕರೆಂಟ್ ಫ್ಯಾನ್ ಕೂಡ ಸೇರಿಸಿದರು.

ಒತ್ತಡ ಅರ್ಧ ಬಾರ್‌ಗೇ ನಿಲ್ಲಿಸಿದ್ದಾರೆ. ನಾನು ಸ್ವಲ್ಪ ಜಾಸ್ತಿ ಮಾಡಬಹುದಾ ಅಂತ ಕೇಳಿದ್ದು ನಿಜ. ಈ ಎಂಜಿನ್‌ನ ಕಂಪ್ರೆಶನ್ 21ಕ್ಕೆ 1ರ ಆಸುಪಾಸು, ಅಂದರೆ ಪಿಸ್ಟನ್ ಗಾಳಿಯನ್ನು 21ರಲ್ಲಿ ಒಂದು ಪಾಲು ಜಾಗಕ್ಕೆ ಒತ್ತುತ್ತದೆ. ಟರ್ಬೊಗೆ ಅಂತಲೇ ಮಾಡುವ ಈಗಿನ ಡೀಸೆಲ್ ಎಂಜಿನ್‌ಗಳಲ್ಲಿ ಅದು ತುಂಬಾ ಕಡಿಮೆ ಇರುತ್ತದೆ. ಮೊದಲೇ ಅಷ್ಟು ಬಿಗಿಯಾಗಿ ಒತ್ತುವ ಎಂಜಿನ್‌ಗೆ ಮೇಲಿಂದ ಮೇಲೆ ತುಂಬಿದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. “ಗ್ಯಾಸ್ಕೆಟ್ ಹೋದ್ರ ಪುಣ್ಯ, ಪಿಸ್ಟನ್ ಹೋದ್ರ ಎಲ್ಲಿ ತರ್ತೀರಿ?” ಅಂದರು. ಮತ್ತೆ ಕೇಳಲಿಲ್ಲ.

ಗಾಳಿ ಜಾಸ್ತಿ ಆದ ಮೇಲೆ ಡೀಸೆಲ್ ಕೂಡ ಅಳತೆಯಲ್ಲಿ ಜಾಸ್ತಿ ಬೇಕು. ಇಲ್ಲಿ ಒಂದು ತಪ್ಪಾಯಿತು. ಡೀಸೆಲ್ ಪಂಪಿನ ಅಳತೆ ಸರಿಮಾಡಲು (ಕ್ಯಾಲಿಬ್ರೇಶನ್) ಬೇರೊಂದು ಕಡೆ ಕೊಟ್ಟಿದ್ದೆವು. ಅವರು ಇಂಧನದ ಸ್ಕ್ರೂ ಬೇಕಾದ್ದಕ್ಕಿಂತ ಒಳಗೆ ತಿರುಗಿಸಿ ಕಳಿಸಿದರು. ಮೊದಲ ದಿನ ಗಾಡಿ ರಾಕೆಟ್ ಹಾಗೆ ಓಡಿತು, ಹಿಂದೆ ಕಪ್ಪು ಹೊಗೆ ಮೋಡದ ಹಾಗೆ. ಟರ್ಬೊ ಮುಂದೆ ಕೂರಿಸಿದ್ದ ಹೊಗೆಯ ಬಿಸಿ ಅಳೆಯುವ ಮೀಟರ್ 780 ಡಿಗ್ರಿ ತೋರಿಸಿತು. ಉಸ್ತಾದ್ ಪಕ್ಕದಲ್ಲೇ ಕೂತಿದ್ದರು, ಕೂಡಲೇ ಕಾಲು ತೆಗೀರಿ ಅಂದರು. ಮುಂದಿನ ಮೂರು ದಿನ ಸಂಜೆ ಇಬ್ಬರೂ ರಿಂಗ್ ರೋಡಿನಲ್ಲಿ ಓಡಿಸಿ, ನಿಲ್ಲಿಸಿ, ಸ್ಕ್ರೂ ಕೂದಲೆಳೆಯಷ್ಟು ಹೊರಗೆ ತಿರುಗಿಸಿ, ಮತ್ತೆ ಓಡಿಸಿದೆವು. ಈಗ ಎಷ್ಟೇ ಎಳೆದರೂ 680 ದಾಟುವುದಿಲ್ಲ. ಟರ್ಬೊ ಹಾಕಿಸುವವರು ಯಾರೇ ಇರಲಿ, ಮೊದಲು ಆ ಮೀಟರ್ ಹಾಕಿಸಿ. ಟರ್ಬೊ ತುಂಬುವ ಒತ್ತಡ ತೋರಿಸುವ ಬೂಸ್ಟ್ ಮೀಟರ್ ಆಮೇಲೆ ಹಾಕಿದರೂ ನಡೆಯುತ್ತದೆ.

ಇನ್ನು ಉಸ್ತಾದ್ ಮೇಲಿನ ನನ್ನ ದೂರು. ಮೂರು ವಾರ ಅಂದವರು ಹತ್ತು ವಾರ ತಗೊಂಡರು. ನಡುವೆ ಯಾರದೋ ರಾಶಿ ಮಾಡುವ ಟ್ರ್ಯಾಕ್ಟರ್ ಬಂದರೆ ನನ್ನ ಗಾಡಿ ಮೂಲೆಗೆ. ತೊಗರಿ ರಾಶಿಯ ಹೊತ್ತಿನಲ್ಲಿ ರೈತನ ಟ್ರ್ಯಾಕ್ಟರ್ ಮೊದಲು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಫೋನ್ ಮಾಡಿ ಹೇಳಬಹುದಿತ್ತು. ಜನವರಿಯಲ್ಲಿ ಎಳ್ಳಮಾವಾಸ್ಯೆಗೆ ಮನೆಯವರನ್ನೆಲ್ಲ ಅದೇ ಗಾಡಿಯಲ್ಲಿ ಹೊಲಕ್ಕೆ ಕರೆದುಕೊಂಡು ಹೋಗಬೇಕು ಅಂತ ಅವ್ವನಿಗೆ ಮಾತು ಕೊಟ್ಟಿದ್ದೆ. ಸಜ್ಜೆ ಕಡಬು, ಭಜ್ಜಿ ಬುಟ್ಟಿ ಎಲ್ಲ ಬಾಡಿಗೆ ಗಾಡಿಯಲ್ಲಿ ಹೋಯಿತು. ಅದು ನನಗೆ ಬೇಜಾರಾಯಿತು, ಅವರಿಗೆ ನೇರವಾಗಿ ಹೇಳಿದೆ ಕೂಡ.

ಗಾಡಿ ಕೈಗೆ ಬಂದ ಎರಡನೇ ವಾರ ದೊಡ್ಡ ತೊಂದರೆ ಬಂತು. ಬೀದರ್‌ನಿಂದ ವಾಪಸ್ ಬರುತ್ತಿದ್ದೆ. ಮಹಾಗಾಂವ್ ಕ್ರಾಸ್ ಹತ್ತಿರ ಕನ್ನಡಿಯಲ್ಲಿ ನೀಲಿ ಹೊಗೆ ಕಂಡಿತು. ಕಪ್ಪು ಹೊಗೆ ಆಗಿದ್ದರೆ ಡೀಸೆಲ್ ಜಾಸ್ತಿ ಅನ್ನಬಹುದು. ನೀಲಿ ಅಂದರೆ ಆಯಿಲ್ ಸುಡುತ್ತಿದೆ. ಆಯಿಲ್ ಅಳೆಯುವ ಕಡ್ಡಿ ಎತ್ತಿ ನೋಡಿದರೆ ಒಂದು ಲೀಟರ್ ಹತ್ತಿರ ಕಡಿಮೆ ಆಗಿತ್ತು. ಹೊಸ ಟರ್ಬೊ ಹೋಯಿತು ಅಂದುಕೊಂಡೆ. ರಸ್ತೆ ಪಕ್ಕ ನಿಲ್ಲಿಸಿ ಫೋನ್ ಮಾಡಿದೆ. ಉಸ್ತಾದ್ ಒಂದು ಮಾತೂ ವಾದಿಸದೆ ಬೈಕ್ ಹತ್ತಿ ಬಂದರು, ಹಿಂದೆ ಹುಡುಗನ ಕೈಯಲ್ಲಿ ಆಯಿಲ್ ಡಬ್ಬಿ.

ಮಾರನೇ ದಿನ ಬಿಚ್ಚಿದಾಗ ಕಾರಣ ಸಿಕ್ಕಿತು. ಟರ್ಬೊಗೆ ಮೇಲಿಂದ ಆಯಿಲ್ ಒತ್ತಡದಲ್ಲಿ ಬರುತ್ತದೆ. ಬೇರಿಂಗ್ ದಾಟಿದ ಮೇಲೆ ಒತ್ತಡ ಇರುವುದಿಲ್ಲ, ನೊರೆಯಾಗಿ, ತನ್ನ ಭಾರಕ್ಕೆ ತಾನೇ ಕೆಳಗಿನ ಆಯಿಲ್ ಚೇಂಬರ್‌ಗೆ ಇಳಿಯಬೇಕು. ಇಳಿಯುವ ಪೈಪ್ ದಪ್ಪ ಇರಬೇಕು, ನೆಟ್ಟಗೆ ಇಳಿಜಾರು ಇರಬೇಕು. ನಮ್ಮದರಲ್ಲಿ ಹಾಕಿದ್ದು ರಬ್ಬರ್ ಪೈಪ್. ಪಕ್ಕದ ಸೈಲೆನ್ಸರ್ ಪೈಪಿನ ಬಿಸಿಗೆ ಅದು ಮೆತ್ತಗಾಗಿ ನಡುವೆ ಜೋತುಬಿದ್ದಿತ್ತು. ಆ ಹೊಟ್ಟೆಯಲ್ಲಿ ಆಯಿಲ್ ನಿಂತು, ಮೇಲೆ ಏರಿ, ಟರ್ಬೊ ಒಳಗೇ ತುಂಬಿ, ಶಾಫ್ಟ್ ತುದಿಯಿಂದ ಸೈಲೆನ್ಸರ್‌ಗೆ ಹೋಗುತ್ತಿತ್ತು.

ನಾನು ಸೀಲ್ ಹೋಗಿದೆ, ಸೀಲ್ ಬದಲಿಸಿ ಅಂತ ಹಟ ಹಿಡಿದಿದ್ದೆ. ನಮ್ಮ ಅಂಗಡಿಯಲ್ಲಿ ಸೀಲ್ ಅಂದರೆ ರಬ್ಬರ್ ತುಟಿ ಇರುವ ಆಯಿಲ್ ಸೀಲ್. ಉಸ್ತಾದ್ ಟರ್ಬೊ ಬಿಚ್ಚಿ ತೋರಿಸಿದರು. ಅಲ್ಲಿ ಇರುವುದು ಪಿಸ್ಟನ್ ರಿಂಗಿನ ಹಾಗಿರುವ ಸಣ್ಣ ಉಂಗುರ, ಬೆಳ್ಳಿ ಕಾಲುಂಗುರಕ್ಕಿಂತ ಚಿಕ್ಕದು. ಅದು ಆಚೆ ಕಡೆಯ ಹೊಗೆಯ ಒತ್ತಡವನ್ನು ಒಳಗೆ ಬಿಡದೆ ತಡೆಯುವುದಕ್ಕೆ ಇರುವುದು, ನಿಂತ ಆಯಿಲ್ ತಡೆಯುವುದಕ್ಕಲ್ಲ. ಅವರು ಒಂದು ಚಹಾ ಗ್ಲಾಸ್ ತೂತಿನ ಕೆಳಗೆ ಹಿಡಿದು, ಮೇಲಿಂದ ಆಯಿಲ್ ಬಿಟ್ಟರು. ಕೆಳಗಿನ ದಾರಿ ತೆರೆದಿದ್ದಾಗ ಒಂದು ಹನಿಯೂ ಪಕ್ಕಕ್ಕೆ ಬರಲಿಲ್ಲ. ಹೆಬ್ಬೆರಳಿನಿಂದ ಕೆಳಗಿನ ತೂತು ಮುಚ್ಚಿದರು. ಎಣಿಸಿ ಹತ್ತು ಹೇಳುವಷ್ಟರಲ್ಲಿ ಶಾಫ್ಟ್ ತುದಿಯಲ್ಲಿ ಆಯಿಲ್ ಜಿನುಗಿತು. ಹೆಬ್ಬೆರಳು ತೆಗೆದರು, ನಿಂತಿತು.

ತಪ್ಪು ತಮ್ಮದೇ ಅಂತ ಒಪ್ಪಿಕೊಂಡರು. ಒಂದು ರೂಪಾಯಿ ತಗೊಳ್ಳದೆ 20 ಎಂಎಂ ಒಳಅಳತೆಯ ಉಕ್ಕಿನ ಪೈಪ್ ಬಾಗಿಸಿ ಹಾಕಿದರು. ಚೇಂಬರ್‌ಗೆ ಸೇರುವ ತೂತು ಮೊದಲು ಆಯಿಲ್ ಮಟ್ಟಕ್ಕಿಂತ ಸ್ವಲ್ಪವೇ ಮೇಲಿತ್ತು, ಅದನ್ನೂ ಮುಚ್ಚಿ ಇನ್ನೂ ಮೇಲೆ ಹೊಸದು ಮಾಡಿದರು. ಸೈಲೆನ್ಸರ್ ಪೈಪಿಗೆ ಬಿಸಿ ತಡೆಯುವ ಪಟ್ಟಿ ಸುತ್ತಿದರು. ಆ ದಿನದಿಂದ ಇವತ್ತಿನ ತನಕ ಒಂದು ಹನಿ ಆಯಿಲ್ ಸುಟ್ಟಿಲ್ಲ. 5,000 ಕಿಲೋಮೀಟರ್‌ಗೆ ಒಮ್ಮೆ ಆಯಿಲ್, ಫಿಲ್ಟರ್ ಬದಲಿಸುತ್ತೇನೆ. ದೂರದಿಂದ ಬಂದ ಮೇಲೆ ಒಂದೆರಡು ನಿಮಿಷ ಎಂಜಿನ್ ಸುಮ್ನೆ ಓಡಲು ಬಿಟ್ಟು ಬಂದ್ ಮಾಡುತ್ತೇನೆ. ತಕ್ಷಣ ಬಂದ್ ಮಾಡಿದರೆ ಆಯಿಲ್ ಹರಿಯುವುದು ನಿಲ್ಲುತ್ತದೆ, ಒಳಗೆ ಉಳಿದದ್ದು ಬಿಸಿಗೆ ಸುಟ್ಟು ಕರಿ ಕಟ್ಟುತ್ತದೆ.

ಓಡಿಸುವುದು ಹೇಗಿದೆ ಅಂತ ಕೇಳುವವರಿಗೆ: ಊರೊಳಗೆ, ಸೂಪರ್ ಮಾರ್ಕೆಟ್, ಜಗತ್ ಸರ್ಕಲ್ ಗದ್ದಲದಲ್ಲಿ ಏನೂ ವ್ಯತ್ಯಾಸ ಇಲ್ಲ. ಎಂಜಿನ್ ನಿಮಿಷಕ್ಕೆ 1,800 ಸುತ್ತು ದಾಟಿದ ಮೇಲೆ ಬೆನ್ನಿಗೆ ಯಾರೋ ಕೈ ಇಟ್ಟು ಮೆಲ್ಲಗೆ ನೂಕಿದ ಹಾಗೆ ಆಗುತ್ತದೆ. ಧಡಕ್ಕನೆ ಎಳೆಯುವುದಿಲ್ಲ, ತುಂಬಿಕೊಂಡು ಬರುತ್ತದೆ. ನಾಲ್ಕನೇ ಗೇರಿನಲ್ಲಿ 60ರಿಂದ 90 ಮುಟ್ಟಲು ಮೊದಲು 22 ಸೆಕೆಂಡ್ ಬೇಕಿತ್ತು, ಈಗ 13. ಮಗಳು ಪಕ್ಕದಲ್ಲಿ ಕೂತು ಮೊಬೈಲಿನಲ್ಲಿ ಅಳೆದದ್ದು. ಕಿವಿಗೊಟ್ಟು ಕೇಳಿದರೆ ಸಣ್ಣ ಸೀಟಿ ಇದೆ, ಆದರೆ ಆ ಹಳೆ ಟಕಟಕ ಅದರ ಮೇಲೇ ಕೇಳುತ್ತದೆ. ಮೈಲೇಜ್ ಹೈವೇಯಲ್ಲಿ ಮೊದಲಿನಷ್ಟೇ, 14ರ ಹತ್ತಿರ. ಊರೊಳಗೆ ಅರ್ಧ ಕಿಲೋಮೀಟರ್ ಕಡಿಮೆ. ಇನ್ನೊಂದು ಖರ್ಚು ಯಾರೂ ಮೊದಲು ಹೇಳಲಿಲ್ಲ: ನಾಲ್ಕು ತಿಂಗಳಿಗೆ ಕ್ಲಚ್ ಜಾರಲು ಶುರುವಾಯಿತು. ಹಳೆ ಪ್ಲೇಟ್, ಹೊಸ ಎಳೆತ ತಡೆಯಲಿಲ್ಲ.

ದುಡ್ಡಿನ ಲೆಕ್ಕ ಬರೆದಿಟ್ಟಿದ್ದೇನೆ. ಟರ್ಬೊ 18,500. ಮ್ಯಾನಿಫೋಲ್ಡ್, ಲೇತ್ ಕೆಲಸ 11,000. ಇಂಟರ್‌ಕೂಲರ್ 4,500, ಅದರ ಪೈಪ್, ಹೋಸ್, ಕ್ಲಾಂಪ್ 6,200. ಆಯಿಲ್ ಪೈಪ್‌ಗಳು 2,800. ರೇಡಿಯೇಟರ್ ಮತ್ತು ಫ್ಯಾನ್ 7,500. ಪಂಪ್, ಇಂಜೆಕ್ಟರ್ 9,000. ಮೀಟರ್‌ಗಳು 5,500. ಉಸ್ತಾದ್ ಕೂಲಿ 25,000. ಒಟ್ಟು 90,000 ರೂಪಾಯಿ. ಕ್ಲಚ್ ಆಮೇಲೆ 7,200. ಬ್ರೇಕ್ ಕೆಲಸ ಬೇರೆ, ಅದು ಹೇಗೂ ಮಾಡಿಸಬೇಕಿತ್ತು. ಹತ್ತು ವಾರದ ಕೆಲಸಕ್ಕೆ 25,000 ಕೂಲಿ ಕಡಿಮೆ ಅಂತಲೇ ನನ್ನ ಅಭಿಪ್ರಾಯ. ಆದರೆ ಪಕ್ಕಾ ಬಿಲ್ ಕೊಡುವುದಿಲ್ಲ, ಚೀಟಿಯಲ್ಲಿ ಬರೆದುಕೊಡುತ್ತಾರೆ. ಇದನ್ನು ಅವರು ಸರಿಮಾಡಿಕೊಳ್ಳಬೇಕು.

ಕಾಗದಪತ್ರದ ವಿಚಾರ ಮರೆಯಬೇಡಿ. ಕಂಪನಿ ಕೊಟ್ಟ ಮೂಲ ವಿವರಕ್ಕೂ ಆರ್‌ಸಿಯಲ್ಲಿ ಇರುವುದಕ್ಕೂ ವ್ಯತ್ಯಾಸ ಬರುವಂಥ ಬದಲಾವಣೆ ಮಾಡಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿಯಿತು. ನಾನು ಬೋಲ್ಟ್ ಬಿಚ್ಚುವ ಮೊದಲೇ ಆರ್‌ಟಿಒ ಕಚೇರಿಗೆ ಅರ್ಜಿ ಕೊಟ್ಟು ಒಪ್ಪಿಗೆ ತಗೊಂಡೆ. ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿದೆ. ಎಂಜಿನ್ ನಂಬರ್, ಸಿಸಿ ಎಲ್ಲ ಹಳೆಯದೇ. ಹೊಗೆ ಎಷ್ಟು ದಟ್ಟ ಅಂತ ಅಳೆಯುವ ಪರೀಕ್ಷೆಯಲ್ಲಿ ಇಷ್ಟು ಹಳೆ ಡೀಸೆಲ್‌ಗೆ ಮಿತಿ 65 ಎಚ್‌ಎಸ್‌ಯು. ನನ್ನ ಗಾಡಿ ಮೊದಲು 57 ಬರುತ್ತಿತ್ತು, ಈಗ 41 ಬಂದಿದೆ. ಗಾಳಿ ಸಾಕಷ್ಟು ಸಿಕ್ಕಿ ಡೀಸೆಲ್ ಪೂರ್ತಿ ಉರಿದರೆ ಹೊಗೆ ಕಡಿಮೆಯಾಗುತ್ತದೆ. ನನಗೆ ಇದು ಏರು ಹತ್ತಿದ್ದಕ್ಕಿಂತ ಜಾಸ್ತಿ ಖುಷಿ ಕೊಟ್ಟಿತು.

ನನ್ನ ಗಾಡಿ ನೋಡಿ ಶಹಾಬಾದಿನ ಗೆಳೆಯನೊಬ್ಬ ತನ್ನ ಪೆಟ್ರೋಲ್ ಅಂಬಾಸಿಡರ್ ತಂದಿದ್ದ. ಉಸ್ತಾದ್ ಒಲ್ಲೆ ಅಂದರು. ಡೀಸೆಲ್‌ಗೆ ಗಾಳಿ ಜಾಸ್ತಿ ಕೊಟ್ಟರೆ ತೊಂದರೆ ಇಲ್ಲ. ಪೆಟ್ರೋಲ್‌ನಲ್ಲಿ ಗಾಳಿ, ಪೆಟ್ರೋಲ್ ಎರಡೂ ಅಳತೆ ತಪ್ಪಬಾರದು. ಕಾರ್ಬ್ಯುರೇಟರ್ ಮೇಲೆ ಒತ್ತಡ ಬಿದ್ದರೆ ಪೆಟ್ರೋಲ್ ಪಂಪಿನ ಒತ್ತಡವೂ ಅದರ ಜೊತೆಗೇ ಏರಬೇಕು, ಸ್ಪಾರ್ಕ್ ಹಿಂದೆ ಸರಿಸಬೇಕು, ಇಲ್ಲದಿದ್ದರೆ ಒಳಗೆ ಕುಟ್ಟಿ ಪಿಸ್ಟನ್ ಒಡೆಯುತ್ತದೆ. ಆ ಕೆಲಸ ಗೊತ್ತಿರುವವರು ಇದ್ದಾರೆ, ನಾನಲ್ಲ ಅಂದರು. ಬಂದ ಗಿರಾಕಿಯನ್ನು ಹೀಗೆ ಹೇಳಿ ವಾಪಸ್ ಕಳಿಸುವವರನ್ನು ನಾನು ಕಡಿಮೆ ನೋಡಿದ್ದೇನೆ.

ಟರ್ಬೊ ಇಲ್ಲದ ಹಳೆ ಡೀಸೆಲ್ ಇದ್ದು, ಎಂಜಿನ್ ಗಟ್ಟಿ ಇದ್ದು, ಕಾಯುವ ತಾಳ್ಮೆ ಇದ್ದರೆ ಹೋಗಿ. ಶುಕ್ರವಾರ ರಜೆ. ಬೆಳಿಗ್ಗೆ ಹತ್ತರೊಳಗೆ ಹೋದರೆ ಮಾತಿಗೆ ಸಿಗುತ್ತಾರೆ. ಡಿಸೆಂಬರ್, ಜನವರಿ ತೊಗರಿ ರಾಶಿಯ ಹೊತ್ತಿನಲ್ಲಿ ಕೊಡಬೇಡಿ. ಗಾಡಿ ಕೊಟ್ಟ ಮೇಲೆ ಆಯಿಲ್ ಇಳಿಯುವ ಪೈಪ್ ಉಕ್ಕಿನದೇ ಹಾಕಿ ಅಂತ ನೀವಾಗಿಯೇ ಹೇಳಿ. ಈಗ ನೀವು ಹೇಳದಿದ್ದರೂ ಅವರು ಅದನ್ನೇ ಹಾಕುತ್ತಾರೆ. ಹೋದ ತಿಂಗಳು ಹೋದಾಗ ಒಂದು ಜೀಪಿನ ಕೆಳಗೆ ಮಲಗಿದ್ದರು, ಕೈಯಲ್ಲಿ ಅದೇ 20 ಎಂಎಂ ಪೈಪು.